ಕಥೆಯೂ ಕಾಯಿಲೆಯ ಮಗುವೂ

ಕಠಿಣವಾದ ವ್ಯಾಧಿಯಿಂದ ಹಾಸಿಗೆ ಹಿಡಿದ ಮಗುವಿನ ಮಗ್ಗುಲಲ್ಲಿ ಕುಳಿತು ಕಥೆ ಹೇಳುವವರ ವಿಷಯದಲ್ಲಿ ವಿವೇಕಿಗಳು ಎತ್ತತಕ್ಕ ಆಕ್ಷೇಪಣೆಯೊಂದುಂಟು. ಕಥೆಯಲ್ಲಿ ರಾಕ್ಷಸನು ಮಡಿಯುತ್ತಾನೆ, ರಾಜಕುಮಾರನು ಮನೆಗೆ ಹಿಂದಿರುಗುತ್ತಾನೆ. ಈ ಮಗುವೂ ಹಿಂದಿರುಗುವುದೆಂದು ಹೇಳುವ ಅಧಿಕಾರ ಯಾರಿಗಿದೆ? ಅಧಿಕಾರವಿಲ್ಲದೆ ಆಶೆ ಹುಟ್ಟಿಸುವುದು ಅನೃತವಲ್ಲವೆ? ಕರುಣೆಯಿಂದ ಆಡಿದ ಮಾತ್ರಕ್ಕೆ ಅನೃತದ ದೋಷವು ಕಳೆಯುವುದೆ?

ನಮ್ಮ ಸೀಮೆಯಲ್ಲಿ ಇದು ಬರಿಯ ತರ್ಕದ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆಯೆಂಬ ರೋಗವು ಕೆಲವು ಮನೆಗಳಲ್ಲಿ ತಲೆಯಿಂದ ತಲೆಗೆ ಇಳಿದುಬರುತ್ತಿದೆ. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಎಲುಬುಗಳಲ್ಲಿ ತಾಳಲಾರದ ನೋವನ್ನುಂಟುಮಾಡುತ್ತವೆ. ನೋವು ಹೋಗುತ್ತದೆ, ಮತ್ತೆ ಬರುತ್ತದೆ. 1981ರಲ್ಲಿ ವೈದ್ಯರಾದ ಎಚ್. ಸುದರ್ಶನರು ಆ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 2016ರಲ್ಲಿ ಚಾಮರಾಜನಗರಕ್ಕೆ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. ಆದರೂ ರಕ್ತದ ಕ್ಯಾನ್ಸರಿನಂತಹ ಕಾಯಿಲೆಗಾಗಿ ಗುಂಡ್ಲುಪೇಟೆಯ ಮಗುವು ಮೈಸೂರಿಗೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದುಂಟು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆಯು ಎರಡು ಮೂರು ವರ್ಷ ನಡೆಯುತ್ತದೆ. ಈಗ ಬಹು ಮಂದಿ ಮಕ್ಕಳು ಗುಣ ಹೊಂದುತ್ತಾರೆ, ಎಲ್ಲರೂ ಅಲ್ಲ. ಒಂದು ಸೂಜಿಮದ್ದಿಗೂ ಮತ್ತೊಂದಕ್ಕೂ ನಡುವೆ ವೈದ್ಯನಿಗೆ ಬೇರೆ ಕೆಲಸವಿರುತ್ತದೆ. ಮಗುವಿಗೆ ಕಾಯುವುದಲ್ಲದೆ ಬೇರೆ ಕೆಲಸವಿಲ್ಲ.

ಕಥೆಯಿಂದ ಪ್ರಯೋಜನವುಂಟೆಂಬುದನ್ನು ಇಂದು ಅಳೆದೂ ನೋಡಿದ್ದಾರೆ. ಬ್ರೆಜಿಲ್ ದೇಶದ ವಿದ್ವಾಂಸರು ತೀವ್ರನಿಗಾ ಘಟಕದಲ್ಲಿದ್ದ 81 ಮಕ್ಕಳಲ್ಲಿ ಕೆಲವರಿಗೆ ಕಥೆ ಹೇಳಿಸಿ, ಉಳಿದವರೊಡನೆ ಒಗಟಿನ ಆಟವಾಡಿಸಿ, 2021ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ಗುಂಪಿಗೂ ಉಪಕಾರವಾಯಿತು. ಕಥೆ ಕೇಳಿದವರಲ್ಲಿ ನೋವು ಇನ್ನೂ ಹೆಚ್ಚಾಗಿ ತಗ್ಗಿತು, ಕಳವಳದ ಕಾಲದಲ್ಲಿ ಏರುವ ಕಾರ್ಟಿಸಾಲೆಂಬ ರಸವು ಇನ್ನೂ ಇಳಿಯಿತು. ಆದರೆ ಇದರಿಂದ ಸಿದ್ಧವಾದದ್ದು ಪ್ರಯೋಜನ ಮಾತ್ರ, ಧರ್ಮವಲ್ಲ. ಸುಳ್ಳಿನಿಂದಲೂ ನೋವು ತಗ್ಗಬಹುದಷ್ಟೆ.

ಇಲ್ಲಿ ನಮಗೆ ನೆರವಾಗತಕ್ಕವಳು ಪುಣ್ಯಕೋಟಿ. ಕನ್ನಡದ ಮಕ್ಕಳೆಲ್ಲರೂ ಕೇಳಿ ಬೆಳೆಯುವ ಈ ಕಥೆಯಲ್ಲಿ ತಾಯಿಯು ಹುಲಿಗೆ ಆಹಾರವಾಗುವ ಮುನ್ನ ದೊಡ್ಡಿಗೆ ಬಂದು ಕರುವಿಗೆ ಏನು ಹೇಳುತ್ತಾಳೆಂಬುದನ್ನು ವಾಚಕರು ನೆನೆಯಬೇಕು. ಮೇಯಲು ಹೋಗಿಬರುವೆನೆಂದು ಹೇಳಿ ಅವಳು ಜಾರಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಸಂಗತಿಯನ್ನು ತಿಳಿಸಿ, ಹಾಲೂಡಿಸಿ, ಕರುವನ್ನು ಒಡಹುಟ್ಟಿದ ಹಸುಗಳ ಕೈಗೆ ಒಪ್ಪಿಸಿ ಹೊರಡುತ್ತಾಳೆ. ಮಕ್ಕಳಿಂದ ಮರಣವನ್ನು ಮರೆಮಾಡತಕ್ಕದ್ದೆಂಬ ನಿಯಮವನ್ನು ನಮ್ಮ ಹಿರಿಯರು ಈ ಕಥೆಯಲ್ಲಿ ಒಪ್ಪಿದಂತೆ ಕಾಣುವುದಿಲ್ಲ. ಕಡೆಗೆ ಹುಲಿಯ ಮನಸ್ಸು ಕರಗಿತೆಂಬುದು ಬೇರೆ ಮಾತು. ಬಂಡೀಪುರದ ಅಂಚಿನ ಹಳ್ಳಿಯ ಮಗುವಿಗೆ, ಕೊಟ್ಟಿಗೆಗೆ ಬಂದ ಹುಲಿಯು ಹಸುವನ್ನು ಬಿಟ್ಟುಹೋಗುವುದಿಲ್ಲವೆಂದು ನಮಗಿಂತ ಚೆನ್ನಾಗಿ ಗೊತ್ತು! ಆದರೂ ಅದು ಕಥೆಯನ್ನು ಸುಳ್ಳೆಂದು ದೂರುವುದಿಲ್ಲ, ಇನ್ನೊಮ್ಮೆ ಹೇಳೆನ್ನುತ್ತದೆ.

ಇನ್ನೊಮ್ಮೆ ಎಂಬ ಈ ಮಾತಿನಲ್ಲಿಯೇ ನಾವು ಹುಡುಕುತ್ತಿರುವ ಭರವಸೆಯು ಅಡಗಿದೆಯೆಂದು ನನಗೆ ತೋರುತ್ತದೆ. ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ಸಾಲು ಸಾಲಾಗಿ ಇರುಳೆಲ್ಲ ಹಾಡುತ್ತಾರೆ. ಕಾಡಿನ ಗುಡಿಸಲಿನಲ್ಲಿ ಗಂಡನು ಹಿಂಸಿಸಿ ಬಿಟ್ಟುಹೋದ ಸಂಕಮ್ಮನಿಗೆ ಮಾದಪ್ಪನು ಒದಗುವನೆಂಬುದು ಕುಳಿತವರಿಗೆಲ್ಲ ಮೊದಲೇ ತಿಳಿದದ್ದು. ಕೊನೆಯನ್ನು ಅರಿಯುವುದಕ್ಕಾಗಿ ಅವರು ಬಂದವರಲ್ಲ. ಇರುಳು ನೀಳವಾಗಿದೆ, ಜೊತೆಯಲ್ಲಿ ಜನರಿದ್ದಾರೆ, ಮುಂದೆ ಇನ್ನೊಂದು ಸಾಲಿದೆ, ಅಷ್ಟೇ ಸಾಕು. ಕಾಯಿಲೆಯ ಮಗುವಿಗೆ ಕಥೆಗಾರನು ಕೊಡಬಹುದಾದದ್ದೂ ಇಷ್ಟೆ. ಗುಣವಾಗುವೆಯೆಂಬ ಮಾತು ಅವನ ಕೈಯಲ್ಲಿಲ್ಲ. ನಾಳೆ ಬಂದು ಮುಂದಿನ ಸಾಲನ್ನು ಹೇಳುವೆನೆಂಬುದು ಉಂಟು.

ಆದಕಾರಣ ಈ ಕಾರ್ಯದಲ್ಲಿ ಅನೃತವಿದ್ದರೆ ಅದು ರಾಕ್ಷಸನು ಸತ್ತನೆಂಬುದರಲ್ಲಿಲ್ಲ. ಹಬ್ಬದ ದಿನ ಹಣ್ಣಿನ ಬುಟ್ಟಿಯೊಡನೆ ಬಂದು, ಅರ್ಧ ಕಥೆ ಹೇಳಿ, ಪಟ ತೆಗೆಸಿಕೊಂಡು, ಮತ್ತೆ ಬರುವೆನೆಂದು ಹೋಗಿ, ಬಾರದಿರುವುದರಲ್ಲಿದೆ. ಅಂತಹವರು ಬರದಿದ್ದರೇ ಲೇಸು. ಪೋಡಿನ ಅಜ್ಜಿಯೊಬ್ಬಳು ತನ್ನ ಮಾತಿನಲ್ಲಿ ಹೇಳುವ ಕರಡಿಯ ಕಥೆಯು, ಪಟ್ಟಣದವರು ತಂದ ಬಣ್ಣದ ಪುಸ್ತಕಕ್ಕಿಂತ ಆ ಮಗುವಿಗೆ ಹತ್ತಿರವಾದದ್ದು. ಅವಳಿಗೆ ಹಾಸಿಗೆಯ ಬಳಿ ಕೂರಲು ಒಂದು ಮಣೆಯನ್ನು ಕೊಡುವುದು ಆಸ್ಪತ್ರೆಗಳಿಗೆ ದೊಡ್ಡ ವೆಚ್ಚವಲ್ಲ.

ಇನ್ನು ಮಗುವೇ ಕಥೆಯ ನಡುವೆ, ನಾನು ಸಾಯುವೆನೆ, ಎಂದು ಕೇಳಿದರೆ? ಆಗ ಕಥೆಯ ಮರೆಯಲ್ಲಿ ಅವಿತುಕೊಳ್ಳಬಾರದು. ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಕೇಳಿದ್ದನ್ನು ಕೇಳಿತೆಂದು ಒಪ್ಪಿ, ತಾಯಿತಂದೆಗಳನ್ನೂ ವೈದ್ಯರನ್ನೂ ಕರೆದು, ಅವರು ಮಾತಾಡುವಷ್ಟು ಹೊತ್ತು ಪಕ್ಕದಲ್ಲಿರತಕ್ಕದ್ದು. ಆ ಮೇಲೆ ಕಥೆ ಎಲ್ಲಿಗೆ ನಿಂತಿತ್ತೆಂದು ಮಗುವೇ ಕೇಳಿದರೆ ಅಲ್ಲಿಂದ ಮುಂದುವರಿಸಬಹುದು.