ಹುಚ್ಚಿನ ಸೋಗು ಎಲ್ಲಿಯವರೆಗೆ?

ಟ್ರಾಯ್ ಯುದ್ಧಕ್ಕೆ ಹೋಗಲು ಮನಸ್ಸಿಲ್ಲದ ಒಡಿಸ್ಯೂಸ್ ಹುಚ್ಚನ ಸೋಗು ಹಾಕಿದನೆಂಬ ಕಥೆ ಗ್ರೀಕರಲ್ಲಿದೆ. ಕರೆಯಲು ಬಂದವರ ಕಣ್ಣೆದುರೇ ಅವನು ಕುದುರೆಯನ್ನೂ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿ ಉಳತೊಡಗಿದ, ಸಾಲುಗಳಲ್ಲಿ ಬೀಜದ ಬದಲು ಉಪ್ಪು ಬಿತ್ತಿದ. ಬಂದವರಲ್ಲಿ ಪಾಲಮೀಡೀಸ್ ಎಂಬವನಿಗೆ ಅನುಮಾನ. ಒಡಿಸ್ಯೂಸನ ಹಸುಗೂಸನ್ನು ತಂದು ನೇಗಿಲಿನ ಮುಂದೆ ಮಲಗಿಸಿದ. ನೇಗಿಲು ಪಕ್ಕಕ್ಕೆ ತಿರುಗಿತು. ಒಡಿಸ್ಯೂಸ್ ಯುದ್ಧಕ್ಕೆ ಹೊರಡಬೇಕಾಯಿತು.

ಪಾಲಮೀಡೀಸ್ ಒಡಿಸ್ಯೂಸನ ತಲೆಯೊಳಗೆ ಇಣುಕಿ ನೋಡಲು ಹೋಗಲಿಲ್ಲ. ಅವನು ಕಂಡುಕೊಳ್ಳಬೇಕೆಂದದ್ದು ಇಷ್ಟೇ: ಈ ಮನುಷ್ಯ ಎಲ್ಲಿ ನಿಲ್ಲುತ್ತಾನೆ? ಸೋಗು ಹಾಕಿದವನು ಎಲ್ಲೋ ಒಂದು ಗೆರೆ ಎಳೆದುಕೊಂಡಿರುತ್ತಾನೆ. ಆ ಗೆರೆ ಎಲ್ಲಿದೆಯೆಂದು ಹುಡುಕಿದರೆ ಸಾಕು, ಮನಸ್ಸನ್ನು ಬಗೆದು ನೋಡಬೇಕಿಲ್ಲ.

ಹ್ಯಾಮ್ಲೆಟನ ಹುಚ್ಚು ನಿಜವೋ ನಟನೆಯೋ ಎಂಬ ಪ್ರಶ್ನೆಗೆ ಈ ಪರೀಕ್ಷೆಯನ್ನು ಹಚ್ಚಿ ನೋಡಬೇಕು. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಲ್ಲಿ ಬಹಳ ಜನಕ್ಕೆ ಇದು ಪರೀಕ್ಷೆಯ ಪ್ರಶ್ನೆಯಾಗಿಯೇ ಪರಿಚಯ. ಎರಡೂ ಕಡೆಯ ವಾದಗಳನ್ನು ಬರೆದು, ಕೊನೆಗೆ ಸ್ವಲ್ಪ ಅದು ಸ್ವಲ್ಪ ಇದು ಎಂದರೆ ಅಂಕ ಸಿಗುತ್ತಿತ್ತು. ಆ ಉತ್ತರ ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕಥೆಯನ್ನು ‘ರಕ್ತಾಕ್ಷಿ’ಯಾಗಿ ಕುವೆಂಪು ಬಿದನೂರಿಗೆ ತಂದದ್ದರಿಂದ ಅದರ ಹಂದರ ಕನ್ನಡದ ಓದುಗರಿಗೆ ಹೊಸದೇನಲ್ಲ: ರಾಜನನ್ನು ಗುಟ್ಟಾಗಿ ಕೊಂದವನು ಸಿಂಹಾಸನ ಏರಿದ್ದಾನೆ, ಸತ್ತವನ ಪ್ರೇತ ಮಗನಿಗೆ ಸೇಡಿನ ಹೊರೆ ಹೊರಿಸಿದೆ.

ಷೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ ನಾಟಕವನ್ನು ಬರೆದದ್ದು 1600ರ ಆಸುಪಾಸಿನಲ್ಲಿ. ಮೂಲ ಕಥೆ ಅದಕ್ಕೂ ಸುಮಾರು ನಾಲ್ಕು ಶತಮಾನ ಹಿಂದೆ ಡೆನ್ಮಾರ್ಕಿನ ಸ್ಯಾಕ್ಸೊ ಗ್ರಮ್ಯಾಟಿಕಸ್ ಲ್ಯಾಟಿನ್ನಿನಲ್ಲಿ ಬರೆದಿಟ್ಟದ್ದು. ಅಲ್ಲಿನ ಆಮ್ಲೆಥ್ ಮೈಗೆ ಕೊಳೆ ಬಳಿದುಕೊಂಡು, ಬೆಂಕಿಯ ಮುಂದೆ ಕೂತು ಮರದ ಕೊಕ್ಕೆಗಳನ್ನು ಕಾಯಿಸಿ ಗಟ್ಟಿ ಮಾಡುತ್ತಿರುತ್ತಾನೆ. ಏನು ಮಾಡುತ್ತಿದ್ದೀಯ ಎಂದರೆ, ಅಪ್ಪನ ಸೇಡಿಗೆ ಆಯುಧ ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಕೊನೆಗೆ ಅದೇ ಕೊಕ್ಕೆಗಳಿಂದ ಕುಡಿದು ಬಿದ್ದವರನ್ನು ಪರದೆಯಡಿ ಬಿಗಿದು ಅರಮನೆಗೆ ಬೆಂಕಿಯಿಡುತ್ತಾನೆ. ಇದು ಕಲಬೆರಕೆಯಿಲ್ಲದ ಸೋಗು. ಅಲ್ಲಿ ಚಿಕ್ಕಪ್ಪ ಅಣ್ಣನನ್ನು ಕೊಂದದ್ದು ಊರಿಗೇ ಗೊತ್ತು, ಮಗ ಸೇಡು ತೀರಿಸಿಯಾನೆಂಬ ಭಯ ಕೊಂದವನಿಗೆ ಇದ್ದೇ ಇದೆ. ಪೆದ್ದನಂತೆ ಕಂಡರೆ ಜೀವ ಉಳಿಯುತ್ತದೆ.

ಷೇಕ್ಸ್‌ಪಿಯರ್ ಆ ಕಾರಣವನ್ನೇ ಕಿತ್ತುಹಾಕಿದ. ಅವನ ನಾಟಕದಲ್ಲಿ ಕೊಲೆ ರಹಸ್ಯ. ತೋಟದಲ್ಲಿ ಮಲಗಿದ್ದ ರಾಜನ ಕಿವಿಗೆ ವಿಷ ಹೊಯ್ದು, ಹಾವು ಕಚ್ಚಿತೆಂದು ಸುದ್ದಿ ಹಬ್ಬಿಸಲಾಗಿದೆ. ಮಗನಿಗೆ ಸತ್ಯ ಗೊತ್ತಾಗಿದೆಯೆಂದು ಕೊಂದ ಚಿಕ್ಕಪ್ಪ ಕ್ಲಾಡಿಯಸ್‌ಗೆ ಸುಳಿವೇ ಇಲ್ಲ. ಹಾಗಿರುವಾಗ ಹುಚ್ಚನಂತೆ ಆಡಿದರೆ ರಕ್ಷಣೆ ಎಲ್ಲಿಯದು? ರಾಜ ಎಚ್ಚರಗೊಂಡದ್ದೇ ಆ ಆಟದಿಂದ. ಬೇಹಿಗೆ ಹಳೆಯ ಗೆಳೆಯರಿಬ್ಬರನ್ನು ಕರೆಸುತ್ತಾನೆ. ಈ ಹುಚ್ಚಿನ ಸೋಗಿಗೆ ಸರಿಯಾದ ಕಾರಣವೇ ಕಾಣುವುದಿಲ್ಲ, ಬುದ್ಧಿ ನೆಟ್ಟಗಿದ್ದವನೂ ಇವನು ಮಾಡಿದ್ದನ್ನೆಲ್ಲ ಮಾಡಬಹುದಿತ್ತು ಎಂದು 1765ರಲ್ಲೇ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಗೊಣಗಿದ್ದ. ಅದನ್ನು ದೋಷವೆಂದು ಅವನು ಎಣಿಸಿದ. ನನಗೆ ಅದು ನಾಟಕದ ಬಾಗಿಲಂತೆ ಕಾಣುತ್ತದೆ. ಕಾರಣ ಕಳಚಿಕೊಂಡ ಸೋಗು ಯಾವ ಬಗೆಯ ಸೋಗು?

ಇಲ್ಲಿ ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ ನೆರವಿಗೆ ಬರುತ್ತಾನೆ. ಸೋಗು ಹಾಕುವುದೆಂದರೆ ಏನೆಂಬ ಬಗ್ಗೆ 1958ರಲ್ಲಿ ಅವನೊಂದು ಪ್ರಬಂಧ ಬರೆದ. ಅವನ ಉದಾಹರಣೆಗಳು ತಮಾಷೆಯವು, ಹಿಡಿತ ಮಾತ್ರ ಬಿಗಿ. ಔತಣಕೂಟವೊಂದರಲ್ಲಿ ಒಬ್ಬ ಕತ್ತೆಕಿರುಬನಂತೆ ನಟಿಸಲು ನಾಲ್ಕು ಕಾಲಲ್ಲಿ ನಿಂತು ವಿಚಿತ್ರವಾಗಿ ನಕ್ಕು, ಕೊನೆಗೆ ನಿಮ್ಮ ಮೀನಖಂಡಕ್ಕೆ ಬಾಯಿ ಹಾಕಿ ಒಂದು ತುಂಡನ್ನೇ ಕಿತ್ತುಕೊಂಡನೆನ್ನಿ. ಆಮೇಲೆ ‘ಸುಮ್ಮನೆ ನಟಿಸುತ್ತಿದ್ದೆ’ ಎಂದರೆ ಒಪ್ಪುತ್ತೀರಾ? ಅವನು ಕತ್ತೆಕಿರುಬನಾಗಿ ಬದಲಾಗಿಲ್ಲ, ನಿಜ. ಆದರೆ ‘ಸುಮ್ಮನೆ’ ಎಂಬ ಸಬೂಬು ಅವನ ಕೈಬಿಟ್ಟುಹೋಗಿದೆ. ಇನ್ನೊಂದು ಉದಾಹರಣೆ ಕಿಟಕಿ ಒರೆಸುವವನದು. ಅವನ ಕಣ್ಣು ಒಳಗಿನ ಬೆಲೆಬಾಳುವ ವಸ್ತುಗಳ ಮೇಲಿದೆ, ಒರೆಸುವುದು ಬರೀ ನೆಪ. ಹಾಗೆಂದು ಕಿಟಕಿ ಒರೆಸದೆ ಬಿಟ್ಟಿಲ್ಲ. ಗಾಜು ನಿಜವಾಗಿಯೂ ಚೊಕ್ಕಟವಾಗಿದೆ.

ಈ ಎರಡರಿಂದ ತಿಳಿಯುವುದೇನು? ‘ನಿಜ’ ಮತ್ತು ‘ನಟನೆ’ ಒಂದಿದ್ದಲ್ಲಿ ಇನ್ನೊಂದಿಲ್ಲ ಎನ್ನುವಂಥ ಜೋಡಿಯಲ್ಲ. ಮಾಡುವ ಕೆಲಸ ನಿಜವಾಗಿದ್ದೂ ಅದು ಸೋಗಾಗಿರಬಹುದು. ಇನ್ನು ಕೆಲವು ಸಲ, ಸೋಗಾಗಿ ಶುರುವಾದದ್ದು ಒಂದು ಹದ ಮೀರಿದ ಮೇಲೆ ಸೋಗು ಎನಿಸಿಕೊಳ್ಳುವ ಹಕ್ಕು ಕಳೆದುಕೊಳ್ಳುತ್ತದೆ. ಅದಕ್ಕೆ ನಟಿಸಿದವನ ಮನಸ್ಸು ಬದಲಾಗಬೇಕೆಂದೇನೂ ಇಲ್ಲ.

ಮೂರನೆಯ ಅಂಕದಲ್ಲಿ ಹ್ಯಾಮ್ಲೆಟ್ ಕಚ್ಚಿಯೇಬಿಡುತ್ತಾನೆ. ಸ್ವಲ್ಪ ಹೊತ್ತಿನ ಮುಂಚೆ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ ಕತ್ತಿ ಹಿರಿದು, ಪ್ರಾರ್ಥನೆಯ ನಡುವೆ ಕೊಂದರೆ ಇವನು ಸ್ವರ್ಗಕ್ಕೆ ಹೋಗುತ್ತಾನೆಂದು ಲೆಕ್ಕ ಹಾಕಿ ಬಿಟ್ಟುಬಂದವನು ಅವನೇ. ಅದೇ ಮನುಷ್ಯ ತಾಯಿಯ ಕೋಣೆಯಲ್ಲಿ ಪರದೆಯ ಹಿಂದೆ ದನಿ ಕೇಳಿದ್ದೇ ತಡ, ಯಾರೆಂದು ನೋಡದೆ ಇರಿಯುತ್ತಾನೆ. ಸತ್ತವನು ಅವನು ಪ್ರೀತಿಸಿದ್ದ ಒಫೀಲಿಯಾಳ ತಂದೆ, ಮುದುಕ ಪೊಲೋನಿಯಸ್. ರಾಜನೇ ಇರಬಹುದೆಂದು ಇರಿದ, ಆದ್ದರಿಂದ ಇದು ಹುಚ್ಚಲ್ಲ ಎನ್ನಬಹುದು. ಹೌದು, ಹುಚ್ಚು ಸಾಬೀತಾಗಲಿಲ್ಲ. ಆದರೆ ಒಡಿಸ್ಯೂಸನ ನೇಗಿಲು ತಿರುಗಿದಂತೆ ಈ ಕತ್ತಿ ತಿರುಗಲಿಲ್ಲ.

ಆ ಹೆಣ ಅಲ್ಲೇ ಬಿದ್ದಿರುವಾಗ ಪ್ರೇತ ಮತ್ತೆ ಬರುತ್ತದೆ. ಮೊದಲ ಅಂಕದಲ್ಲಿ ಅದನ್ನು ಕಾವಲಿನವರೂ ಗೆಳೆಯ ಹೊರೇಷಿಯೋ ಕೂಡ ಕಂಡಿದ್ದರು. ಈಗ ಪಕ್ಕದಲ್ಲೇ ನಿಂತ ತಾಯಿಗೆ ಕಾಣುವುದಿಲ್ಲ. ಮಗ ಶೂನ್ಯದೊಂದಿಗೆ ಮಾತಾಡುತ್ತಿದ್ದಾನೆಂದು ಅವಳು ಹೆದರುತ್ತಾಳೆ. ಅವನು ತನ್ನ ನಾಡಿ ನೆಟ್ಟಗೆ ಬಡಿಯುತ್ತಿದೆ, ತನ್ನದು ಹುಚ್ಚಲ್ಲ, ಉಪಾಯ ಎಂದು ನಂಬಿಸಲು ನೋಡುತ್ತಾನೆ. ಇದೇ ಹ್ಯಾಮ್ಲೆಟ್ ಐದನೆಯ ಅಂಕದಲ್ಲಿ ಪೊಲೋನಿಯಸನ ಮಗ ಲೇರ್ಟೀಸನ ಮುಂದೆ ಇನ್ನೊಂದು ಹೇಳುತ್ತಾನೆ: ನಿನಗೆ ಅನ್ಯಾಯ ಮಾಡಿದ್ದು ನಾನಲ್ಲ, ನನ್ನ ಹುಚ್ಚು, ಅದರಿಂದ ನೊಂದವರಲ್ಲಿ ನಾನೂ ಒಬ್ಬ.

ವಿಮರ್ಶಕರು ಈ ಎರಡು ಹೇಳಿಕೆಗಳಲ್ಲಿ ಯಾವುದು ಸುಳ್ಳು ಎಂದು ಬಡಿದಾಡಿದ್ದಾರೆ. ಧೀರನಾದವನು ಸುಳ್ಳಿನ ಮರೆಯಲ್ಲಿ ನಿಲ್ಲಬಾರದಿತ್ತು ಎಂದು ಎರಡನೆಯದರ ಬಗ್ಗೆ ಜಾನ್ಸನ್ ಬೇಸರಪಟ್ಟ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಹುಚ್ಚು ಎಂಬ ಮಾತನ್ನು ಹ್ಯಾಮ್ಲೆಟ್ ಎರಡೂ ಕಡೆ ಏತಕ್ಕೆ ಬಳಸುತ್ತಾನೆ ಎಂಬುದನ್ನು. ತಾಯಿಯ ಮುಂದೆ ಹುಚ್ಚನಾದರೆ ಅವಳ ಮೇಲೆ ಅವನು ಹೊರಿಸಿದ ಆರೋಪಕ್ಕೆ ಬೆಲೆಯಿಲ್ಲ. ಲೇರ್ಟೀಸನ ಮುಂದೆ ಹುಚ್ಚನಲ್ಲದಿದ್ದರೆ ಕ್ಷಮೆಗೆ ದಾರಿಯಿಲ್ಲ. ಎರಡೂ ಕಡೆ ಅವನು ತನ್ನ ಸ್ಥಿತಿಯನ್ನು ಬಣ್ಣಿಸುತ್ತಿಲ್ಲ, ವಾದ ಹೂಡುತ್ತಿದ್ದಾನೆ. ಇನ್ನೂ ಒಂದನ್ನು ಗಮನಿಸಿ. ಲೇರ್ಟೀಸನಿಗೆ ಅವನು ‘ನಟಿಸುತ್ತಿದ್ದೆ’ ಎಂದು ಹೇಳುವುದೇ ಇಲ್ಲ. ಹೇಳುವಂತಿಲ್ಲ. ಹೆಣ ಬಿದ್ದ ಮೇಲೆ ಆ ಸಬೂಬು ಯಾರ ಮುಂದೆಯೂ ನಡೆಯದು. ಉಳಿದಿರುವುದು ‘ನಿಜವಾಗಿ ಹುಚ್ಚನಾಗಿದ್ದೆ’ ಎಂಬುದೊಂದೇ.

ಒಫೀಲಿಯಾಳ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ತಂದೆ ಸತ್ತ ಮೇಲೆ ಅವಳು ಹಾಡುತ್ತಾಳೆ, ಹೂ ಹಂಚುತ್ತಾಳೆ. ಅವಳ ಹುಚ್ಚಿನಿಂದ ಅವಳಿಗೆ ಏನೂ ದಕ್ಕಬೇಕಾಗಿಲ್ಲ. ಅವಳು ಯಾರನ್ನೂ ನಂಬಿಸಬೇಕಿಲ್ಲ.

ಹಾಗಾದರೆ ಹ್ಯಾಮ್ಲೆಟನ ತಲೆಯೊಳಗೆ ಕೊನೆಗೂ ಏನಿತ್ತು? 1847ರಲ್ಲಿ ಅಮೆರಿಕದ ಮನೋವೈದ್ಯ ಐಸಾಕ್ ರೇ ಇದು ನಿಜವಾದ ಕಾಯಿಲೆಯೇ ಎಂದು ವಾದಿಸಿದ. 1904ರಲ್ಲಿ ವಿಮರ್ಶಕ ಎ. ಸಿ. ಬ್ರ್ಯಾಡ್ಲಿ ಹುಚ್ಚೆನ್ನದೆ ವಿಷಣ್ಣತೆ ಎಂದ. ಮುಂದೆ ಫ್ರಾಯ್ಡನ ಶಿಷ್ಯರೂ ಸಾಲಿಗೆ ಸೇರಿದರು. ಆದರೆ ಪೋಲೆಂಡಿನ ತತ್ತ್ವಜ್ಞಾನಿ ರೋಮನ್ ಇನ್‌ಗಾರ್ಡನ್ 1931ರಲ್ಲಿ ಹೇಳಿದ್ದನ್ನು ಈ ರೋಗನಿರ್ಣಯಗಳ ಪಕ್ಕದಲ್ಲಿಡಬೇಕು. ಸಾಹಿತ್ಯಕೃತಿಯ ಪಾತ್ರದಲ್ಲಿ ನಿರ್ಧಾರವಾಗದ ಜಾಗಗಳು ಇದ್ದೇ ಇರುತ್ತವೆ. ಬದುಕಿರುವ ಮನುಷ್ಯನ ವಿಷಯದಲ್ಲಿ ನಮಗೆ ತಿಳಿಯದಿದ್ದರೂ ಅವನಲ್ಲಿ ಉತ್ತರವೊಂದು ಇರುತ್ತದೆ. ಪಾತ್ರಕ್ಕೆ ಕೃತಿ ಕೊಟ್ಟದ್ದರಾಚೆ ಒಳಕೋಣೆಯಿಲ್ಲ. ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟು ಎಂದು ಎಣಿಸಲು ಕೂತವರನ್ನು ವಿಮರ್ಶಕ ಎಲ್. ಸಿ. ನೈಟ್ಸ್ 1933ರಲ್ಲಿ ಗೇಲಿ ಮಾಡಿದ್ದೂ ಇದಕ್ಕೇ.

ಇದನ್ನು ಹೇಗೆ ಬೇಕಾದರೂ ಓದಿಕೊಳ್ಳಿ ಎಂಬ ಪರವಾನಗಿಯೆಂದು ತಿಳಿಯಬಾರದು. ವಿಲಕ್ಷಣವಾಗಿ ನಡೆದುಕೊಳ್ಳುವೆನೆಂದು ಹ್ಯಾಮ್ಲೆಟ್ ಮೊದಲೇ ಹೇಳಿದ್ದು ನಿರ್ಧಾರವಾದ ಸಂಗತಿ. ಹೊರೇಷಿಯೋ ಜೊತೆ ಅವನ ಮಾತು ಬಹುಮಟ್ಟಿಗೆ ಹಳಿ ತಪ್ಪುವುದಿಲ್ಲ, ಅದೂ ನಿರ್ಧಾರವಾದದ್ದು. ಕೊಲೆಯಂತೂ ಎಲ್ಲಕ್ಕಿಂತ ಗಟ್ಟಿ. ಖಾಲಿ ಬಿಟ್ಟಿರುವುದು ನಾವು ಅತ್ಯಂತ ಆಸೆಯಿಂದ ಇಣುಕುವ ಒಂದೇ ಜಾಗವನ್ನು.

ಐದನೆಯ ಅಂಕದಲ್ಲಿ ಅವನ ಕ್ಷಮೆಯ ಮಾತನ್ನು ತೂಗಿ ನೋಡಬೇಕಾದವನು ಲೇರ್ಟೀಸ್. ಅವನು ನಿನ್ನ ಪ್ರೀತಿಯನ್ನು ಪ್ರೀತಿಯೆಂದೇ ಸ್ವೀಕರಿಸುತ್ತೇನೆ ಎಂದು ಮರ್ಯಾದೆಯಿಂದ ಉತ್ತರಿಸುತ್ತಾನೆ. ಗೆಳೆತನದ ಕತ್ತಿವರಸೆ ಶುರುವಾಗುತ್ತದೆ. ಆ ಪಂದ್ಯಕ್ಕೆ ಅವನು ಆರಿಸಿಕೊಂಡ ಕತ್ತಿಯ ಮೊನೆಯನ್ನು ಮೊಂಡಾಗಿಸಿಲ್ಲ, ಅದಕ್ಕೆ ವಿಷ ಸವರಿದೆ.