ಕ್ರೂರಜೀವಿಗೂ ಅಭಯವೇ?

ಕೆಲವು ವರ್ಷಗಳ ಹಿಂದೆ ಒಂದು ಅಷ್ಟಮಿಯಂದು ನಾನು ಪ್ರೋಷಧೋಪವಾಸದಲ್ಲಿದ್ದೆನು. ಅಂದು ವೃತ್ತಪತ್ರಿಕೆಯನ್ನು ಮುಟ್ಟಬಾರದಿತ್ತು; ಮುಟ್ಟಿದೆನು. ಆಸ್ಟ್ರೇಲಿಯದ ಕಡಲಿನಲ್ಲಿ ಈಜಲಿಳಿದವನೊಬ್ಬನನ್ನು ಶಾರ್ಕ್ ಮೀನು ಕಚ್ಚಿ ಕೊಂದ ವಾರ್ತೆ ಅದರಲ್ಲಿತ್ತು. ಇಂತಹ ಕುಲವೇ ಏಕೆ ನಾಶವಾಗಬಾರದು ಎಂದು ಮನಸ್ಸು ನುಡಿಯಿತು. ಸಂಜೆಯ ಪ್ರತಿಕ್ರಮಣದ ವೇಳೆ ಆ ಮಾತು ಮರಳಿ ಬಂದು, ನನ್ನ ಉಪವಾಸ ಎಂತಹದೆಂದು ನಾಚಿದೆನು.

ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ತಂಡುಲಮತ್ಸ್ಯದ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅಕ್ಕಿಕಾಳಿನಷ್ಟಿರುವ ಆ ಜೀವಿ ಯಾರನ್ನೂ ಕೊಲ್ಲಲಾರದು. ಮಹಾಮತ್ಸ್ಯವು ಬಾಯ್ದೆರೆದು ನಿದ್ರಿಸುವಾಗ ಒಳಹೊಕ್ಕು ಹೊರಬರುವ ಮೀನುಗಳನ್ನು ಕಂಡು, ಆ ದೇಹ ತನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಯೋಚಿಸುತ್ತದೆ. ಅಷ್ಟಕ್ಕೇ ಅದಕ್ಕೆ ಏಳನೆಯ ನರಕ. ಭಾವಪಾಹುಡದಲ್ಲಿ ಕುಂದಕುಂದಾಚಾರ್ಯರೂ ಈ ಮೀನನ್ನು ಸ್ಮರಿಸಿದ್ದಾರೆ.

ಧರ್ಮಬಂಧುಗಳೊಬ್ಬರು ನನ್ನೊಡನೆ ವಾದಿಸಿದರು: ಶಾರ್ಕ್ ಒಂದು ಬದುಕಲು ಸಾವಿರ ಮೀನು ಸಾಯಬೇಕು, ಒಂದನ್ನು ಕೊಂದರೆ ಸಾವಿರ ಉಳಿಯುವುವಲ್ಲವೇ? ಅಮೃತಚಂದ್ರಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಅನೇಕರ ರಕ್ಷಣೆಯಾಗುವುದೆಂದು ಬಗೆದು ಹಿಂಸ್ರಜೀವಿಗಳನ್ನು ಕೊಲ್ಲುವಂತಿಲ್ಲ. ಮೈಮೇಲೆ ಬಿದ್ದವನಿಂದ ತನ್ನನ್ನು ರಕ್ಷಿಸಿಕೊಳ್ಳುವುದು ಗೃಹಸ್ಥನಿಗೆ ವಿರೋಧೀ ಹಿಂಸೆ. ಶಾರ್ಕಿನ ಮನೆಗೆ ನಾವೇ ಇಳಿದು, ಅದು ಅಲ್ಲಿದೆಯೆಂದು ಕೊಲ್ಲಿಸಿದರೆ ಅದು ಸಂಕಲ್ಪೀ ಹಿಂಸೆಯೇ ಸರಿ.

ಭಯವು ವಿವೇಕವನ್ನು ಹೇಗೆ ಕೆಡಿಸುವುದೆಂಬುದಕ್ಕೆ ಒಂದು ನಿದರ್ಶನ ಸಾಕು. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸರಕಾರವು ತೀರದ ಬಳಿ ದೊಡ್ಡ ಗಾಳಗಳನ್ನು ಇಳಿಬಿಡಿಸಿತು. ಸಿಕ್ಕ ಶಾರ್ಕ್‌ಗಳು 172, ಸತ್ತವು 68. ಮನುಷ್ಯರನ್ನು ಕೊಂದ ಆರೋಪ ಹೊತ್ತಿದ್ದ ಬಿಳಿಶಾರ್ಕ್ ಅವುಗಳಲ್ಲಿ ಒಂದೂ ಇರಲಿಲ್ಲ! ಲೋಕದಲ್ಲೆಲ್ಲ ಶಾರ್ಕಿನಿಂದ ಸಾಯುವವರು ವರ್ಷಕ್ಕೆ ಹತ್ತರ ಆಸುಪಾಸು. ಮನುಷ್ಯರಿಂದ ಸಾಯುವ ಶಾರ್ಕ್‌ಗಳು ಕೋಟಿಗಟ್ಟಲೆ. 1970ರಿಂದೀಚೆಗೆ ತೆರೆಗಡಲಿನ ಶಾರ್ಕ್ ಹಾಗೂ ತಿರಂಡಿಗಳ ಸಂಖ್ಯೆ ಶೇಕಡಾ 71ರಷ್ಟು ಇಳಿದಿದೆಯೆಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. ತಡವಾಗಿ ಪ್ರೌಢವಾಗಿ, ಕೆಲವೇ ಮರಿಗಳನ್ನು ಹಾಕುವ ಈ ಜೀವಿಗಳಿಗೆ ಆ ನಷ್ಟ ಬೇಗ ತುಂಬುವಂತಹುದಲ್ಲ.

ಭಗವಾನ್ ನೇಮಿನಾಥರು ಕೂಡಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿ ಮದುವೆಯ ರಥವನ್ನು ಹಿಂದಿರುಗಿಸಿದ್ದು, ಬಳಿಕ ಗಿರನಾರದಲ್ಲಿ ಮುಕ್ತರಾದುದು ನಮಗೆ ತಿಳಿದುದೇ. ಅದೇ ಸೌರಾಷ್ಟ್ರದ ಕಡಲತೀರದ ವೇರಾವಳದಲ್ಲಿ ತಿಮಿಂಗಿಲ ಶಾರ್ಕನ್ನು ಕೊಂದು, ಅದರ ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಮೀನುಗಳಲ್ಲೆಲ್ಲ ದೊಡ್ಡದಾದ ಅದು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿನ್ನುತ್ತದೆ. ಮನುಷ್ಯನ ಗೊಡವೆಗೆ ಬರುವುದಿಲ್ಲ. 2001ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಆದರೆ ಬೆಸ್ತರ ಮನಸ್ಸನ್ನು ತಿರುಗಿಸಿದ್ದು 2004ರ ಸುಮಾರಿಗೆ ಮೊರಾರಿ ಬಾಪು ಹೇಳಿದ ಒಂದು ಹೋಲಿಕೆ: ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳಂತೆ. ಅಂದಿನಿಂದ ಬೆಸ್ತರು ಸಿಕ್ಕಿಬಿದ್ದ ನೂರಾರು ಶಾರ್ಕ್‌ಗಳನ್ನು ಸ್ವಂತ ಬಲೆಗಳನ್ನು ಕತ್ತರಿಸಿ ಬಿಟ್ಟಿದ್ದಾರೆ. ಬಲೆಗೆ ಸರಕಾರ ಪರಿಹಾರ ಕೊಡುತ್ತದೆ. ಅಂದಿನ ದುಡಿಮೆ ಹೋದುದು ಹೋದಂತೆಯೇ. ಮೀನನ್ನು ಮುಟ್ಟದ ನಮಗೆ ಅಹಿಂಸೆಯಿಂದ ಒಂದು ಕಾಸಿನ ನಷ್ಟವೂ ಇಲ್ಲ. ಯಾರ ಅಭಯದಾನ ಹಿರಿದೆಂದು ನಾನು ಹೇಳಲಾರೆನು.

ನಷ್ಟವಿಲ್ಲದ ನಮ್ಮ ಮನೆಗಳೂ ಈ ವ್ಯವಹಾರದ ಹೊರಗಿಲ್ಲ. ಶಾರ್ಕಿನ ಯಕೃತ್ತಿನಿಂದ ತೆಗೆಯುವ ಸ್ಕ್ವಾಲೀನ್ ಎಂಬ ದ್ರವ್ಯವು ಮುಖಕ್ಕೆ ಹಚ್ಚುವ ಲೇಪಗಳಲ್ಲಿಯೂ ಪುಷ್ಟಿಯ ಗುಳಿಗೆಗಳಲ್ಲಿಯೂ ಸೇರುತ್ತದೆ. ಆಲಿವ್ ಎಣ್ಣೆಯಿಂದಲೂ ಅದನ್ನು ಪಡೆಯಬಹುದು. ಮುಂದಿನ ಅಷ್ಟಮಿಯ ಹಿಂದಿನ ದಿನ ನಮ್ಮ ಕಪಾಟಿನಲ್ಲಿದ್ದ ಶೀಶೆಯೊಂದರ ಸಣ್ಣಕ್ಷರಗಳನ್ನು ಓದಿದೆನು. ಆ ಹೆಸರು ಇತ್ತು. ಮೀನಿನದೋ ಗಿಡದ್ದೋ ಎಂದು ಬರೆದಿರಲಿಲ್ಲ. ಅಂಗಡಿಯವನಿಗೂ ತಿಳಿಯದು. ತಿಳಿಯುವವರೆಗೆ ಅದರ ಮುಚ್ಚಳ ತೆರೆಯಬಾರದೆಂದು ನಮ್ಮಾಕೆ ಶೀಶೆಗೆ ದಾರ ಕಟ್ಟಿ ಮೇಲಿಟ್ಟಿದ್ದಾಳೆ.