ಮಾಡಿಫೈ ಮಾಡಿಸೋದಾ, ಎಕ್ಸ್‌ಚೇಂಜ್‌ಗೆ ಹಾಕೋದಾ?

ನಮ್ಮ ಕೋಲಾರದ ಕಡೆ ಹುಡುಗರ ಕೈಗೆ ನಾಲ್ಕು ಕಾಸು ಬಂದ ಮೇಲೆ ಏಳುವ ಮೊದಲ ಪ್ರಶ್ನೆ ಮದುವೆಯದ್ದಲ್ಲ, ಬೈಕಿನದು. ಇರೋ ಗಾಡೀನೇ ಮಾಡಿಫೈ ಮಾಡಿಸೋದಾ, ಇಲ್ಲಾ ಎಕ್ಸ್‌ಚೇಂಜ್‌ಗೆ ಹಾಕಿ ದೊಡ್ಡದು ತಗೊಳ್ಳೋದಾ? ಆಸೆಗೇನೂ ಬರವಿಲ್ಲ. 2013ರಿಂದ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಇದೆ, ಮಾಲೂರು ದಾಟಿ ಆ ಕಡೆ ಹೋದರೆ ಹೊಸೂರಿನ ಟಿವಿಎಸ್. ಹೊಸ ಗಾಡಿ ತುಂಬಿಕೊಂಡ ಲಾರಿಗಳು ನಮ್ಮ ಮುಂದೆಯೇ ಹೋಗುತ್ತಿರುತ್ತವೆ.

ನಂದು 2009ರ ಸ್ಪ್ಲೆಂಡರ್, 97.2 ಸಿಸಿ. ಟೊಮೆಟೊಗೆ ರೇಟು ಬಂದ ವರ್ಷ ಅಪ್ಪ ಕೊಂಡಿದ್ದು. ನಾನು ಬಿಇ ಮುಗಿಸಿದ್ದು ಇದರಲ್ಲೇ ಓಡಾಡಿ. "ಸಾಫ್ಟ್‌ವೇರ್‌ನಲ್ಲಿದ್ದು ಇನ್ನೂ ಇದೇನಾ?" ಅಂತ ಊರಿನವರು ಕೇಳ್ತಾರೆ. ಟೈರು, ಹ್ಯಾಂಡಲ್, ಸೀಟು, ಸೈಲೆನ್ಸರ್ ಎಲ್ಲಾ ಬದಲಿಸಿದರೆ ಅದು ಅಪ್ಪ ಕೊಂಡ ಗಾಡಿಯಾಗೇ ಉಳಿಯುತ್ತಾ? ಎರಡು ಸಾವಿರ ವರ್ಷದ ಹಿಂದೆಯೇ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಹೀಗೇ ಸಿಕ್ಕಿಸಿದ ಕಥೆಯಿದೆ: ಗಾಲಿ ರಥವೋ, ಅಚ್ಚು ರಥವೋ, ನೊಗ ರಥವೋ? ಆರ್‌ಟಿಒದವರಿಗೆ ಈ ಗೊಂದಲವೇ ಇಲ್ಲ. ಚಾಸಿ ನಂಬರ್, ಎಂಜಿನ್ ನಂಬರ್ ನೋಡಿ ಮುಂದೆ ಕಳಿಸ್ತಾರೆ.

ನನಗೂ ಆ ಪ್ರಶ್ನೆ ಅಷ್ಟು ಮುಖ್ಯ ಅನಿಸಲ್ಲ. ಗಾಡಿ ನಂದೇ ಹೌದೋ ಅಲ್ಲವೋ ಅನ್ನೋದಕ್ಕಿಂತ, ನಾನು ಮಾಡೋ ಬದಲಾವಣೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ದೊಡ್ಡದು.

ಸೈಲೆನ್ಸರ್ ವಿಷಯಾನೇ ತಗೊಳ್ಳಿ. ಮುಳಬಾಗಿಲಿನ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬ ಡಬ ಡಬ ಅಂತ ಹೋಗ್ತಾನೆ. ಅವನಿಗದು ಐದು ಸೆಕೆಂಡಿನ ಖುಷಿ, ಅಷ್ಟರಲ್ಲಿ ಬೀದಿ ದಾಟಿರ್ತಾನೆ. ಎದ್ದ ಕೂಸನ್ನ ಮತ್ತೆ ಮಲಗಿಸೋಕೆ ತಾಯಿಗೆ ಒಂದು ಗಂಟೆ ಬೇಕು. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದರೂ ಹುಡುಗರು ಲೆಕ್ಕ ಹಾಕೋದು ಪೊಲೀಸ್ ನಿಂತಿದಾರಾ ಅಂತ ಮಾತ್ರ. ಕೂಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಹಾಗಂತ ಎಕ್ಸ್‌ಚೇಂಜ್ ಏನೂ ಮಡಿಯಲ್ಲ. ನಮ್ಮ ತಾತ ಆವಣಿ ಜಾತ್ರೆಯಲ್ಲಿ ಎತ್ತು ಮಾರುವಾಗ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದರು. ಅದಾದ ಮೇಲೂ ಕೊಳ್ಳುವವನಿಗೆ ಎಷ್ಟು ಎಕರೆ, ಹುಲ್ಲಿದೆಯಾ, ಯಾರು ಮೇಯಿಸ್ತಾರೆ ಅಂತ ಕೇಳೋರು. (ಹಾಗೆ ಕೇಳಿದ್ದರಿಂದ ಪ್ರತಿ ಎತ್ತಿಗೂ ಒಳ್ಳೇದೇ ಆಯ್ತು ಅಂತ ನಾನು ನಂಬಲ್ಲ. ಕೇಳ್ತಿದ್ದರು, ಅಷ್ಟೆ.) ನಾವು ಶೋರೂಮಿನಲ್ಲಿ ಫಾರಂ 29, 30ಕ್ಕೆ ಸೈನು ಹಾಕ್ತೀವಿ, ಕೊಳ್ಳುವವನ ಹೆಸರಿನ ಜಾಗ ಎಷ್ಟೋ ಸಲ ಖಾಲಿ. ಸವೆದ ಬ್ರೇಕ್ ಶೂ, ನುಣ್ಣಗಾದ ಟೈರಿನ ಸಮೇತ ಆ ಗಾಡಿ ಯಾರ ಮನೆ ಸೇರುತ್ತೋ ಗೊತ್ತಾಗಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕ್ರೇಟು ಕಟ್ಟಿಕೊಂಡು ಓಡಾಡುವ ಯಾರೋ ಹುಡುಗ ಆಗಿರಬಹುದು. ಆದರೆ ಕಾನೂನು ಬಿಡಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಮಾರಿಬಿಟ್ಟೆ ಅಂದರೂ ಅಪಘಾತದ ಪರಿಹಾರ ಅವರ ತಲೆಗೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಾತ ಬಾಯಲ್ಲಿ ಕೇಳ್ತಿದ್ದುದನ್ನ ಕೋರ್ಟು ನಮ್ಮಿಂದ ಕಾಗದದಲ್ಲಿ ಕೇಳ್ತಿದೆ ಅನಿಸ್ತು ನನಗೆ.

ಆಫೀಸಿನಲ್ಲೂ ಇದೇ ಜಗಳ. ಹಳೇ ಕೋಡ್ ತಿದ್ದೋದಾ, ಹೊಸದಾಗಿ ಬರೆಯೋದಾ? ಹೊಸದಾಗಿ ಬರೆಯೋಣ ಅನ್ನೋರು ಹಳೇದನ್ನ ಇನ್ನೂ ಯಾರು ಬಳಸ್ತಿದ್ದಾರೆ ಅಂತ ವಿಚಾರಿಸೋದು ಕಮ್ಮಿ.

ಇಷ್ಟೆಲ್ಲಾ ಹೇಳಿ ಹಳೇದನ್ನೇ ಇಟ್ಕೊಳ್ಳಿ ಅನ್ನೋಕೂ ನನಗೆ ಬಾಯಿ ಬರಲ್ಲ. ಹೆಂಡತಿ ಒಂದೇ ಮಾತಲ್ಲಿ ನನ್ನ ವೇದಾಂತ ನಿಲ್ಲಿಸಿದಳು: "ಮಳೇಲಿ ಪಾಪೂನ ಮುಂದೆ ಕೂರಿಸ್ಕೊಂಡು ಹೈವೇಲಿ ಬ್ರೇಕ್ ಹಿಡಿದ್ರೆ ನಿಲ್ಲುತ್ತೇನ್ರಿ ಇದು?" 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗಿ ಜಾರದ ಹಾಗೆ ಅದು ನೋಡಿಕೊಳ್ಳುತ್ತೆ. ನನ್ನ ಡ್ರಮ್ ಬ್ರೇಕಿನ ಸ್ಪ್ಲೆಂಡರ್‌ಗೆ ಯಾವ ಮೆಕ್ಯಾನಿಕ್ ಬಳಿ ಹೋದರೂ ಅದು ಬರಲ್ಲ. ಅಪ್ಪನ ನೆನಪು ಅಂತ ಹೇಳಿ ಮಗಳನ್ನ ಆ ಬ್ರೇಕಿನ ಮೇಲೆ ಕೂರಿಸೋದು ನನ್ನಿಂದಾಗಲ್ಲ. ಹೊಸದು ಬುಕ್ ಮಾಡಿದೆ.

ಹಳೇದನ್ನ ಮಾತ್ರ ಎಕ್ಸ್‌ಚೇಂಜ್‌ಗೆ ಹಾಕಲಿಲ್ಲ. ಬೋನಸ್ ಹೋಯ್ತು, ಇಎಂಐ ಸ್ವಲ್ಪ ಜಾಸ್ತಿ ಆಯ್ತು, ಅದಕ್ಕೆ ಮನೇಲಿ ಇನ್ನೂ ಗೊಣಗಾಟ ಇದೆ. ಎರಡು ಟೈರು, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ಹೊಸದು ಹಾಕಿಸಿ, ಡೈರಿಗೆ ಹಾಲಿನ ಕ್ಯಾನ್ ಹೊರೋ ಚಿಕ್ಕಪ್ಪನ ಮಗನಿಗೆ ಕೊಟ್ಟೆ. ಕೀ ಕೊಡೋಕೆ ಮುಂಚೆ ಕೋಲಾರದ ಆರ್‌ಟಿಒನಲ್ಲಿ ಹೆಸರು ಬದಲಾಯಿಸಿದ್ವಿ. ಹೊರಗೆ ಬಂದು ಟೀ ಕುಡೀತಾ ಅವನು ಕೇಳಿದ: "ಅಣ್ಣಾ, ಇದಕ್ಕೆ ಬೇರೆ ಸೈಲೆನ್ಸರ್ ಹಾಕಿಸಿದ್ರೆ ಹೆಂಗಿರುತ್ತೆ?"